ಕಂಚುಗಣ್ಣನ ನಾಣ್ಯಕ್ಕೆ ಬೆಲೆ ಕಟ್ಟಿದ ಸೊಸೆ

ಬಹಳ ಹಿಂದೆ, ರಾಜರು ಇನ್ನೂ ನೆರಳಿಗೆ ಸುಂಕ ಹಾಕುವುದನ್ನು ಕಲಿತಿರದ ಕಾಲದಲ್ಲಿ, ಏಳುಕೋಟೆ ಎಂಬ ಒಂದು ರಾಜ್ಯವಿತ್ತು. ಕೋಟೆ ಏಳು, ರಾಜ ಒಬ್ಬ. ಹಾಗಾಗಿ ಯಾವ ಕೋಟೆಗೆ ಕಷ್ಟ ಬಂದರೂ ರಾಜ ಉಳಿದ ಆರರಲ್ಲಿ ಯಾವುದಾದರೂ ಒಂದರಲ್ಲಿ ಇರುತ್ತಿದ್ದ.

ಆ ರಾಜ್ಯದ ದೊಡ್ಡ ಪೇಟೆಯ ನಡುವೆ ಚಿನಿವಾರಕಟ್ಟೆ ಎಂಬ ಉದ್ದನೆಯ ಕಲ್ಲುಕಟ್ಟೆ. ಪಾಯ ತೋಡುವಾಗ ಸಿಕ್ಕ ನಾಣ್ಯ, ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಸಿಕ್ಕ ನಾಣ್ಯ, ಹೆಸರೇ ಮರೆತುಹೋದ ಅರಸರ ನಾಣ್ಯ, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಕರಿಕಂಬಳಿ ಹಾಸಿ ಕೂತ ಚಿನಿವಾರರು ಅವನ್ನು ನೋಡಿ, ತೂಗಿ, ಸದ್ದು ಕೇಳಿ ಬೆಲೆ ಹೇಳುತ್ತಿದ್ದರು. ಕಟ್ಟೆಗೆ ಅದರದೇ ಕಟ್ಟಳೆಗಳಿದ್ದವು. ಕಂಬಳಿಯ ಮೇಲೆ ಇಟ್ಟದ್ದೆಲ್ಲ ಮಾರಾಟಕ್ಕೆ ಇಟ್ಟದ್ದು. ಬೆಲೆ ಹೇಳಿದವರು ಆ ಬೆಲೆಗೆ ಕೊಳ್ಳಲು ಸಿದ್ಧರಿರಬೇಕು. ಇಟ್ಟವರು ನ್ಯಾಯದ ಬೆಲೆಗೆ ಕೊಡಲು ಸಿದ್ಧರಿರಬೇಕು. ಖೋಟಾ ಬಂದರೆ ಅದನ್ನು ಕೊಂಡು, ಉಳಿ ಇಟ್ಟು ಎರಡು ಹೋಳು ಮಾಡಬೇಕು, ಮತ್ತೆ ಪೇಟೆಗೆ ಬಿಡಬಾರದು. ಇಷ್ಟು ಕಟ್ಟಳೆಯಲ್ಲಿ ಮುನ್ನೂರು ವರ್ಷ ಜಗಳವಿಲ್ಲದೆ ಕಳೆದಿತ್ತು. ಚಿನಿವಾರರ ನಡುವಿನ ಜಗಳ ಲೆಕ್ಕಕ್ಕಿಲ್ಲ, ಅದು ದಿನವೂ ಇತ್ತು.

ಒಂದು ಬೇಸಿಗೆಯಲ್ಲಿ ಆ ಕಟ್ಟೆಗೆ ಕಂಚುಗಣ್ಣ ಬಂದ.

ಬಂದದ್ದು ನಡುಮಧ್ಯಾಹ್ನ, ಸುಡು ಬಿಸಿಲಿನಲ್ಲಿ. ತೆಂಗಿನ ಮರದಷ್ಟು ಎತ್ತರದ ಆಳಲ್ಲ, ಕೋರೆಹಲ್ಲಿಲ್ಲ, ಜಟೆಯಿಲ್ಲ. ನೋಡಲು ದೂರದೂರಿನ ಸಾಹುಕಾರನಂತಿದ್ದ. ಕಣ್ಣು ಮಾತ್ರ ಉಜ್ಜಿಟ್ಟ ಕಂಚಿನ ಹಾಗೆ ಹೊಳೆಯುತ್ತಿತ್ತು, ರೆಪ್ಪೆ ಮಿಟುಕುತ್ತಿರಲಿಲ್ಲ. ಅಂಗಿಯ ತೋಳು ಬೆರಳ ತುದಿ ದಾಟಿ ಜೋಲುತ್ತಿತ್ತು. ಹೆಗಲ ಮೇಲೆ ಎರಡು ತಲೆಯ ಹಕ್ಕಿ. ಕಂಕುಳಲ್ಲಿ ಅಳಗುಳಿಮಣೆಯಂಥ ಒಂದು ಮಣೆ; ಅದರ ತುಂಬ ಗುಳಿ, ಗುಳಿಗೊಂದು ನಾಣ್ಯ. ಪ್ರತಿ ನಾಣ್ಯದ ಮೇಲೂ ಒಂದು ಮುಖ. ಹತ್ತಿರ ಹೋಗಿ ನೋಡಿದವರಿಗೆ ಆ ಮುಖಗಳ ಕಣ್ಣು ತಿರುಗುವುದು ಕಾಣಿಸಿತು.

"ನಾನು ಅಪರೂಪದ ನಾಣ್ಯ ಕೂಡಿಡುವವನು," ಅಂದ ಕಂಚುಗಣ್ಣ. ದನಿ ಬಹಳ ಮೆದು. "ದಿನಕ್ಕೊಂದರಂತೆ ಮೂರು ದಿನ ಮೂರು ನಾಣ್ಯ ಇಡುತ್ತೇನೆ. ಈ ಕಲ್ಲುಕಂಬದ ನೆರಳು ಬುಡ ಮುಟ್ಟುವುದರೊಳಗೆ ನ್ಯಾಯದ ಬೆಲೆ ಹೇಳಬೇಕು. ಮೂರಕ್ಕೂ ಸರಿಯಾಗಿ ಹೇಳಿದವರಿಗೆ ಈ ಮಣೆಯಲ್ಲಿರುವವರನ್ನೆಲ್ಲ ಬಿಟ್ಟು ಹೊರಟುಹೋಗುತ್ತೇನೆ. ತಪ್ಪಿದರೆ, ಮಣೆಯಲ್ಲಿ ಗುಳಿ ಇನ್ನೂ ಖಾಲಿ ಇವೆ."

ನ್ಯಾಯ ಹೇಳುವುದು ಹಕ್ಕಿಯ ಕೆಲಸ. ಎಡತಲೆ ಮಾರುವವನ ಪರ, ಬಲತಲೆ ಕೊಳ್ಳುವವನ ಪರ. ಬೆಲೆ ತಗ್ಗಿದರೆ ಎಡತಲೆ "ಕಮ್ಮಿ" ಅನ್ನುತ್ತಿತ್ತು. ಏರಿದರೆ ಬಲತಲೆ "ಜಾಸ್ತಿ" ಅನ್ನುತ್ತಿತ್ತು. ಎರಡರಲ್ಲಿ ಒಂದು ಬಾಯಿ ತೆರೆದರೂ ಸಾಕು, ಬೆಲೆ ಹೇಳಿದವರ ನಾಲಗೆಗೆ ತಾಮ್ರದ ರುಚಿ ಹತ್ತುತ್ತಿತ್ತು. ಆಮೇಲೆ ಉಗುರು ಮಿನುಗುತ್ತಿತ್ತು. ಆಮೇಲೆ ಕಿಣ್ ಎಂದು ಒಂದು ಸದ್ದು. ಕೂತಿದ್ದ ಜಾಗದಲ್ಲಿ ಹೆಗಲ ವಲ್ಲಿ ಮಾತ್ರ ಕುಸಿದಿರುತ್ತಿತ್ತು.

ಮೊದಲು ಕೂತ ಚಿನಿವಾರ ಜಾಣ. "ಇಂಥ ನಾಣ್ಯಕ್ಕೆ ಬೆಲೆ ಕಟ್ಟಲಾಗದು" ಅಂದ. ಬೆಲೆ ಕಟ್ಟಲಾಗದ ಮೇಲೆ ಚಿನಿವಾರ ಯಾಕೆ ಎಂದು ಎರಡೂ ತಲೆ ಒಟ್ಟಿಗೆ ಕೂಗಿದವು. ಕಿಣ್. ಎರಡನೆಯವನು ಹೆದರಿ ಕೂಗಿದಷ್ಟಕ್ಕೆ ಬೆಲೆ ಏರಿಸಿದ. ಕಿಣ್. ಒಂದು ದಿನ ಯಾರೂ ಕೂರಲಿಲ್ಲ. ಅಂದು ಕಂಚುಗಣ್ಣ ಹೂವಿನ ಸಾಲಿಗೆ ನಡೆದುಹೋಗಿ ಕೈಗೆ ಸಿಕ್ಕವರನ್ನು ಮಣೆಗೆ ಹಾಕಿಕೊಂಡ. ಆಮೇಲೆ ದಿನಾ ಯಾರಾದರೊಬ್ಬರು ಕೂರಲೇಬೇಕಾಯಿತು. ರಾಜನಿಗೆ ಓಲೆ ಹೋಯಿತು. ರಾಜ ಇನ್ನೊಂದು ಕೋಟೆಯಲ್ಲಿದ್ದ.

ಕೊನೆಗೆ ಉಳಿದವರು ಇಬ್ಬರು. ಕಟ್ಟೆಯ ಹಿರಿಯ ಚಿನಿವಾರಗಿತ್ತಿ ಸಂಕಮ್ಮ, ಅವಳ ಸೊಸೆ ದೇಮವ್ವ.

ಸಂಕಮ್ಮನಿಗೆ ಅರವತ್ತೊಂದು ವರ್ಷ. ಕಣ್ಣು ಮುಚ್ಚಿ ನಾಣ್ಯದ ಅಂಚು ಸವರಿದರೆ ಯಾವ ಅರಸನದು, ಎಷ್ಟು ಕೈ ದಾಟಿದೆ, ಎಲ್ಲ ಹೇಳುತ್ತಿದ್ದಳು. ಮಗ ಸೋವಣ್ಣನಿಗೆ ಕಸುಬು ಹತ್ತಲಿಲ್ಲ, ಅವನು ಕುದುರೆಗೆ ಜೀನು ಹೊಲಿಯುತ್ತಿದ್ದ. ಹಾಗಾಗಿ ಒಂಬತ್ತು ವರ್ಷದಿಂದ ಸೊಸೆಗೆ ಕಲಿಸುತ್ತಿದ್ದಳು. ಕಲಿಸುವುದೆಂದರೆ ಬಯ್ಯುವುದು. "ಅಂಚು ಹಿಡಿ ಅಂದರೆ ಮುಖ ಹಿಡೀತೀಯಲ್ಲೇ, ಅದೇನು ಹೋಳಿಗೆಯಾ?" "ಹಳೇ ನಾಣ್ಯ ತೊಳೀಬಾರದು ಅಂತ ಎಷ್ಟು ಸಲ ಹೇಳಬೇಕು? ನಿಮ್ಮಮ್ಮ ನಿನ್ನ ತಲೆ ತೊಳೆದದ್ದೇ ತಪ್ಪಾಯಿತು." ದೇಮವ್ವ ಬಾಯಿ ಬಿಡುತ್ತಿರಲಿಲ್ಲ. ಒಳಗೊಳಗೆ ಎಲ್ಲಕ್ಕೂ ಉತ್ತರ ಕೊಟ್ಟುಕೊಳ್ಳುತ್ತಿದ್ದಳು. ಒಂಬತ್ತು ವರ್ಷದ ಉತ್ತರಗಳು ಅವಳ ಹೊಟ್ಟೆಯಲ್ಲಿದ್ದವು.

ಸಂಕಮ್ಮ ಕೂತಳು. ಒಂದನೇ ದಿನ ಬೆಲೆ ಹೇಳಿದಳು, ಹಕ್ಕಿ ಸುಮ್ಮನಿತ್ತು. ಎರಡನೇ ದಿನ ಹೇಳಿದಳು, ಹಕ್ಕಿ ಸುಮ್ಮನಿತ್ತು. ಪೇಟೆ ಉಸಿರುಬಿಟ್ಟಿತು. ಮೂರನೇ ದಿನ ಕಂಚುಗಣ್ಣ ಇಟ್ಟ ನಾಣ್ಯದ ಮೇಲೆ ಇದ್ದದ್ದು ಎದುರು ಕಂಬಳಿಯ ಕಲ್ಲಿನಾಥನ ಮುಖ. ಕಲ್ಲಿನಾಥನಿಗೂ ಸಂಕಮ್ಮನಿಗೂ ನಲವತ್ತು ವರ್ಷದ ಹಗೆ. ಎಂದೋ ಅವಳ ಗಿರಾಕಿಯೊಬ್ಬನನ್ನು ಅವನು ಕೈಬೀಸಿ ಕರೆದದ್ದು ಅದರ ಮೂಲ. ಸಂಕಮ್ಮ ಆ ಮುಖ ನೋಡಿದಳು. ತುಟಿ ಕೊಂಕಿತು. ಬೆಲೆ ಹೇಳಿದಳು.

"ಕಮ್ಮಿ," ಅಂದಿತು ಎಡತಲೆ. "ಅರ್ಧಕ್ಕರ್ಧ ಕಮ್ಮಿ."

ಸಂಕಮ್ಮನಿಗೆ ತಾನು ಮಾಡಿದ್ದೇನು ಎಂದು ಆಗಲೇ ಗೊತ್ತಾಯಿತು. ಸೊಸೆಯ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಕಿಣ್ ಎಂದಿತು.

ಆ ಸಂಜೆ ಸೋವಣ್ಣ ಹೆಂಡತಿಗೆ ಹೇಳಿದ, "ದೇಮಿ, ಕುದುರೆ ಇದೆ, ಜೀನಿದೆ. ಹೊರಟುಹೋಗೋಣ."

"ಅತ್ತೆ?"

ಸೋವಣ್ಣ ಅಮ್ಮನ ವಲ್ಲಿಯನ್ನು ಮಡಚುತ್ತಿದ್ದ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದ.

"ನಾಳೆ ನಾನು ಕೂರದಿದ್ದರೆ ಅವನು ಬೀದಿಗೆ ಇಳೀತಾನೆ," ಅಂದಳು ದೇಮವ್ವ. "ಮೊದಲೆರಡು ದಿನದ್ದು ಕಸುಬಿನ ಪರೀಕ್ಷೆ. ಅದಕ್ಕೆ ನಾನು ಅಷ್ಟು ಹೆದರೋದಿಲ್ಲ. ಮೂರನೇ ದಿನ ಅವನು ನಮಗೆ ಗೊತ್ತಿರೋರ ಮುಖ ತರ್ತಾನೆ."

"ಯಾರದ್ದು?"

"ಇನ್ಯಾರದ್ದು."

ಸೋವಣ್ಣ ಮಡಚುವುದನ್ನು ನಿಲ್ಲಿಸಿದ. ಒಂಬತ್ತು ವರ್ಷ ಆ ಬೈಗುಳ ಕೇಳಿಕೊಂಡು ಒಂದೇ ಸೂರಿನ ಕೆಳಗಿದ್ದವನು ಅವನು. ಅವನ ಮುಖವೂ ಬಿಳುಪೇರಿತು.

ಮೊದಲನೇ ದಿನ ದೇಮವ್ವ ಕಂಬಳಿ ಹಾಸಿ ಕೂತಳು. ಪೇಟೆಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಕಾಗೆ ಕೂಡ ಕೂಗಲಿಲ್ಲ. ಕಟ್ಟೆಯ ಮೂಲೆಯಲ್ಲಿ ಸೋವಣ್ಣ ಒಬ್ಬ ನಿಂತಿದ್ದ. ಉಳಿದವರು ಬಾಗಿಲ ಸಂದಿಯಿಂದ ನೋಡುತ್ತಿದ್ದರು.

ಕಂಚುಗಣ್ಣ ಬಂದ. "ಸೊಸೆಯೋ? ಒಳ್ಳೆಯದು ತಾಯಿ. ಮನೆತನದ ಜೋಡಿ ನನ್ನ ಬಳಿ ಇರಲಿಲ್ಲ."

ಹಕ್ಕಿ ಮಣೆಯನ್ನು ಮುಟ್ಟದೆ, ಅವನ ಸೊಂಟದ ಚೀಲದಿಂದ ಮನುಷ್ಯರ ಮುಖವಿಲ್ಲದ ಒಂದು ನಾಣ್ಯವನ್ನು ಕೊಕ್ಕಿನಲ್ಲಿ ತೆಗೆದು ಕಂಬಳಿಯ ಮೇಲೆ ಇಟ್ಟಿತು. ಬಂಗಾರದ್ದು. ಒಂದು ಕಡೆ ಹಾರುವ ಹುಲಿ, ಇನ್ನೊಂದು ಕಡೆ ಹಳೆಯ ಅಕ್ಷರ. ಇಂಥ ಹುಲಿಹೊನ್ನು ರಾಜ್ಯದಲ್ಲೆಲ್ಲ ನಾಲ್ಕೇ ಇವೆ ಎಂದು ಅತ್ತೆ ಹೇಳಿದ್ದಳು. ದೇಮವ್ವ ಅಂಚು ಹಿಡಿದು ಎತ್ತಿದಳು. ಹುಲಿಯ ಮೀಸೆ ನೋಡಿದಳು. ಮೀಸೆ ಮೊಂಡಾಗಿತ್ತು. ಸವೆದು ಮೊಂಡಾದದ್ದಾದರೆ ಹುಲಿಯ ಬೆನ್ನು ಮೊದಲು ಸವೆಯಬೇಕು, ಬೆನ್ನು ಹೊಸದರಂತಿತ್ತು. ಅಂಚಿನ ಸುತ್ತ ಬೆರಳಾಡಿಸಿದಳು. ಎರಡು ಅಚ್ಚು ಕೂಡಿಸಿ ಎರಕ ಹೊಯ್ದರೆ ನಡುವೆ ಒಂದು ಕೂದಲೆಳೆಯ ಏಣು ಉಳಿಯುತ್ತದೆ. ಅದನ್ನು ಯಾರೋ ಅರದಿಂದ ಉಜ್ಜಿ ಅಳಿಸಿದ್ದರು, ಒಂದು ಕಡೆ ಮರೆತಿದ್ದರು. ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿದಳು. ಒಡೆದ ಗಡಿಗೆಯ ಸದ್ದು.

ನೆರಳು ಬುಡದಿಂದ ಒಂದು ಗೇಣು ದೂರದಲ್ಲಿತ್ತು.

"ಇದು ಟಂಕಸಾಲೆಯಲ್ಲಿ ಒತ್ತಿದ್ದಲ್ಲ, ಎರಕ ಹೊಯ್ದದ್ದು," ಅಂದಳು. "ಬಂಗಾರದ ತೂಕಕ್ಕೆ ಒಂದು ಹೊನ್ನು. ಹುಲಿಗೆ ಏನೂ ಇಲ್ಲ."

ಹೇಳಿ ಬಾಯಿ ಮುಚ್ಚಿದಳು. ನಾಲಗೆಯನ್ನು ಹಲ್ಲಿಗೆ ಒತ್ತಿ, ತಾಮ್ರದ ರುಚಿ ಬಂತೇನೋ ಎಂದು ಕಾದಳು. ಹಕ್ಕಿಯ ಎಡತಲೆ ಅವಳನ್ನು ನೋಡಿತು. ಬಲತಲೆ ನೋಡಿತು. ಎರಡೂ ಸುಮ್ಮನಿದ್ದವು.

ದೇಮವ್ವ ಸೆರಗಿನಿಂದ ಒಂದು ಹೊನ್ನು ಬಿಚ್ಚಿ ಮುಂದಿಟ್ಟಳು. ಅತ್ತೆಯ ಉಳಿ ತೆಗೆದು ಹುಲಿಹೊನ್ನಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಕೊಟ್ಟಳು. ನಾಣ್ಯ ಎರಡು ಹೋಳಾಯಿತು. ಕಣ್ಣು ಮಿಟುಕದ ಕಂಚುಗಣ್ಣ ಆ ಏಟಿಗೆ ಒಂದು ಹೆಜ್ಜೆ ಹಿಂದೆ ಸರಿದ.

ಎರಡನೇ ದಿನ ಹಕ್ಕಿ ಇಟ್ಟದ್ದು ತಾಮ್ರದ ಒಂದು ಚಿಕ್ಕ ನಾಣ್ಯ. ಅದರ ಮೇಲೆ ಒಬ್ಬ ಹೆಂಗಸಿನ ಮುಖ, ಜಡೆಗೆ ಸುತ್ತಿದ ಹೂವಿನ ದಂಡೆ. ದೇಮವ್ವನಿಗೆ ಗುರುತು ಸಿಕ್ಕಿತು. ಹೂವಿನ ಸಾಲಿನ ಅವಳಿ ಅಕ್ಕತಂಗಿಯರಲ್ಲಿ ಒಬ್ಬಳು. ಅಕ್ಕನೋ ತಂಗಿಯೋ, ಅವರ ಅಮ್ಮನಿಗೇ ಹೇಳಲಾಗುತ್ತಿರಲಿಲ್ಲ. ಇಬ್ಬರೂ ಒಂದೇ ಬುಟ್ಟಿಯ ಎರಡು ಕಡೆ ಕೂತು, ಒಬ್ಬಳು ಕಟ್ಟುತ್ತ ಒಬ್ಬಳು ಅಳೆಯುತ್ತ, ಒಬ್ಬಳು ಅರ್ಧ ಹೇಳಿದ ಮಾತನ್ನು ಇನ್ನೊಬ್ಬಳು ಮುಗಿಸುತ್ತಿದ್ದರು. ನಾಣ್ಯದ ಕಣ್ಣು ದೇಮವ್ವನನ್ನೇ ನೋಡುತ್ತಿತ್ತು.

ಬೆಲೆ ಹೇಳುವ ಮುಂಚೆ ಇಟ್ಟವನನ್ನು ಒಂದು ಮಾತು ಕೇಳುವ ಹಕ್ಕು ಚಿನಿವಾರರಿಗೆ ಇತ್ತು. ಅಪರೂಪದ ನಾಣ್ಯವಾದರೆ ಎಲ್ಲರೂ ಕೇಳುವುದು ಒಂದೇ. ದೇಮವ್ವನೂ ಅಭ್ಯಾಸಬಲದಿಂದ ಅದನ್ನೇ ಕೇಳಿಬಿಟ್ಟಳು.

"ಇಂಥದ್ದು ಇನ್ನೊಂದಿದೆಯಾ, ಸಾಹುಕಾರ್ರೇ?"

"ಇದೆ," ಅಂದ ಕಂಚುಗಣ್ಣ. ತುಟಿ ಅಗಲವಾಯಿತು. "ಇತ್ತು."

ಹಕ್ಕಿ ಮಣೆಯಿಂದ ಇನ್ನೊಂದು ತಾಮ್ರದ ನಾಣ್ಯ ಕಚ್ಚಿಕೊಂಡು ಹಾರಿತು. ಕಟ್ಟೆಯ ಪಕ್ಕದ ಹಾಳುಬಾವಿಯ ಮೇಲೆ ಕೊಕ್ಕು ತೆರೆಯಿತು. ಬಹಳ ಹೊತ್ತಾದ ಮೇಲೆ ಒಳಗಿನಿಂದ ಗುಳುಂ ಎಂಬ ಸದ್ದು ಬಂತು.

"ಈಗ ಒಂದೇ," ಅಂದ ಕಂಚುಗಣ್ಣ. "ಲೋಕದಲ್ಲೇ ಒಂದು. ನೀನು ಕೇಳಿದ್ದರಿಂದಲೇ ಇದು ಇಷ್ಟು ಅಪರೂಪವಾಯಿತು. ಬೆಲೆ ಹೇಳು ತಾಯಿ."

ಬಾಗಿಲ ಸಂದಿಗಳ ಹಿಂದೆ ಯಾರೋ ಅತ್ತರು. ದೇಮವ್ವನ ಕೈಲಿದ್ದ ನಾಣ್ಯ ಸುಡುವಷ್ಟು ಬಿಸಿಯಾಗಿತ್ತು. ತಾನು ಕೇಳದಿದ್ದರೆ, ಆ ಒಂದು ಮಾತು ಕೇಳದಿದ್ದರೆ ಎಂದು ಮತ್ತೆ ಮತ್ತೆ ಅಂದುಕೊಂಡಳು. ತಪ್ಪು ಮಾಡಿದವರಿಗೆ ಬೆಲೆ ಏರಿಸಿ ಹೇಳುವ ಆಸೆಯಾಗುತ್ತದೆ. ಸಾವಿರ ಹೊನ್ನು ಎಂದುಬಿಡೋಣ ಅನ್ನಿಸಿತು. ಅನ್ನಿಸಿದ್ದೇ ತಡ, ಹಕ್ಕಿ ಕೊಕ್ಕು ತೆರೆಯುವ ಮುಂಚೆಯೇ ನಾಲಗೆಯ ತುದಿಗೆ ತಾಮ್ರ ಹತ್ತಿತು; ತಪ್ಪು ಬೆಲೆ ಮನಸ್ಸಿಗೆ ಬಂದರೂ ಸಾಕಿತ್ತು.

ಬಾಯಿ ಬಿಗಿಹಿಡಿದಳು. ನೆರಳು ಬುಡಕ್ಕೆ ನಾಲ್ಕು ಬೆರಳಿತ್ತು. ತಾನು ಹೂವು ಕೊಳ್ಳಲು ಹೋಗುತ್ತಿದ್ದದ್ದು ನೆನಪಿಗೆ ತಂದುಕೊಂಡಳು. ಇಬ್ಬರಲ್ಲಿ ಒಬ್ಬಳೇ ಕೂತಿದ್ದರೆ ಆ ದಿನ ಹೂವು ಮಾರಾಟವಾಗುತ್ತಿರಲಿಲ್ಲ. ಗಿರಾಕಿಗಳು "ಇನ್ನೊಬ್ಬಳೆಲ್ಲಿ" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಅತ್ತೆಯ ಬೈಗುಳವೂ ನೆನಪಾಯಿತು. ಕಿವಿಯ ಜೋಡಿ ಓಲೆಯಲ್ಲಿ ಒಂದು ಕಳೆದರೆ ಉಳಿದದ್ದಕ್ಕೆ ಅರ್ಧ ಬೆಲೆ ಅನ್ನೋ ದಡ್ಡಿ ನೀನೇ ಇರಬೇಕು ಎಂದು ಒಂದು ದಿನವಿಡೀ ಬೈದಿದ್ದಳು.

"ಜೋಡಿಯಾಗಿದ್ದಾಗ ನೂರು ಹೊನ್ನು," ಅಂದಳು ದೇಮವ್ವ. "ಒಂಟಿಗೆ ಇಪ್ಪತ್ತು. ನಿಮ್ಮ ಮಾಲನ್ನು ನೀವೇ ಕೆಡಿಸಿಕೊಂಡಿರಿ, ಸಾಹುಕಾರ್ರೇ."

ಹಕ್ಕಿ ಸುಮ್ಮನಿತ್ತು. ಕಂಚುಗಣ್ಣನ ಮುಖದ ನಗು ಹಾಗೇ ಇತ್ತು, ಕಣ್ಣಿನ ಹೊಳಪು ಮಾತ್ರ ಒಂದು ಪದರ ಕಂದಿತು. ದೇಮವ್ವ ತೋಳಬಂದಿ ಬಿಚ್ಚಿ ಇಪ್ಪತ್ತು ಹೊನ್ನಿಗೆ ಸಮ ಮಾಡಿ ಕೊಟ್ಟು, ಆ ನಾಣ್ಯವನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

"ಕೊಂಡರೂ ಅದು ತಾಮ್ರವೇ," ಅಂದ ಕಂಚುಗಣ್ಣ. "ನಾಳೆ ನೋಡೋಣ."

ಮೂರನೇ ದಿನ.

ದೇಮವ್ವ ಕಂಬಳಿ ಹಾಸಿ ಕೂತಳು. ಹಕ್ಕಿ ಕೊಕ್ಕಿನಲ್ಲಿ ತಂದಿಟ್ಟಿತು. ಬೆಳ್ಳಿಯ ನಾಣ್ಯ. ಮೂಗುಬೊಟ್ಟು, ಬಿಗಿದ ತುಟಿ, ಎಡ ಹುಬ್ಬು ಸ್ವಲ್ಪ ಎತ್ತಿದ್ದು. ಆ ಹುಬ್ಬನ್ನು ದೇಮವ್ವ ಒಂಬತ್ತು ವರ್ಷದಿಂದ ಬಲ್ಲಳು. ಬೆಳ್ಳಿಯಾಗಿಯೂ ಅತ್ತೆ ಅವಳ ಕಡೆ ಹಾಗೇ ನೋಡುತ್ತಿದ್ದಳು. ಮೂಲೆಯಲ್ಲಿದ್ದ ಸೋವಣ್ಣ "ಅಮ್ಮಾ" ಅಂದ, ಮೆಲ್ಲಗೆ.

"ನ್ಯಾಯದ ಬೆಲೆ," ಅಂದ ಕಂಚುಗಣ್ಣ.

ದೇಮವ್ವ ಅಂಚು ಹಿಡಿದು ಎತ್ತಿದಳು. ತೂಕ ತುಂಬಿತ್ತು, ಬೆರಕೆ ಇರಲಿಲ್ಲ, ಅಂಚು ಹರಿತ. ಇಷ್ಟು ಸುಲಭ. ಮುಂದಿನದು ಸುಲಭವಿರಲಿಲ್ಲ. ಥಟ್ಟನೆ ಒಂದು ಬೆಲೆ ಮನಸ್ಸಿಗೆ ಬಂತು. ಅದು ಬಹಳ ಕಮ್ಮಿ, ಅದರಲ್ಲಿ ಉಪ್ಪಿನಕಾಯಿ ಭರಣಿಯ ವಿಷಯಕ್ಕೆ ಅತ್ತೆ ಮೂರು ದಿನ ಮಾತು ಬಿಟ್ಟದ್ದು ಸೇರಿತ್ತು. ನಾಲಗೆಗೆ ತಾಮ್ರ ಹತ್ತಿತು. ಹಾಗಂದುಕೊಂಡದ್ದಕ್ಕೆ ನಾಚಿ ಬೆಲೆ ಏರಿಸಿದಳು. ತನಗೆ ಜ್ವರ ಬಂದಾಗ ಅತ್ತೆ ಬೈಯುತ್ತಲೇ ಏಳು ದಿನ ಪಕ್ಕದಲ್ಲಿ ಕೂತದ್ದು ಅದರಲ್ಲಿ ಸೇರಿತು. ಮತ್ತೆ ತಾಮ್ರ. ಹೆಬ್ಬೆರಳಿನ ಉಗುರು ಮಿನುಗತೊಡಗಿತು. ನೆರಳು ಮೂರು ಬೆರಳು.

ಹೇಗೋ ಒಂದು ಬೆಲೆ ಸಿಕ್ಕೀತು ಎಂದೇ ಇಟ್ಟುಕೊಳ್ಳೋಣ. ಅದನ್ನು ಗಂಡನ ಎದುರಿಗೆ, ಪೇಟೆಯ ಅಷ್ಟೂ ಬಾಗಿಲ ಸಂದಿಗೆ ಕೇಳುವಂತೆ ಕೂಗಿ ಹೇಳುವುದು ಹೇಗೆ? ನಮ್ಮ ಅತ್ತೆಗೆ ಇಷ್ಟು ಹೊನ್ನು ಎಂದು? ಸಾಯುವ ಭಯದ ನಡುವೆಯೂ ದೇಮವ್ವನಿಗೆ ಮುಜುಗರವಾಯಿತು. ಯಾವ ಮಾಂತ್ರಿಕನೂ ಇಂಥದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅವಳು ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕಂಬಳಿಯ ಮೇಲೆ ಹರಡಿದಳು.

"ಮನೆಯವರ ನಾಣ್ಯದ ಬೆಲೆ ಬಾಯಲ್ಲಿ ಹೇಳೋ ಪದ್ಧತಿ ಇಲ್ಲ. ವಲ್ಲಿಯ ಕೆಳಗೆ ಕೈ ಕೊಡಿ, ಸಾಹುಕಾರ್ರೇ. ಬೆರಳು ಒತ್ತಿ ಹೇಳ್ತೀನಿ."

ದನದ ಸಂತೆಯಿಂದ ಹಿಡಿದು ಮುತ್ತಿನ ಅಂಗಡಿಯವರೆಗೆ ಎಲ್ಲರಿಗೂ ಗೊತ್ತಿದ್ದ ಪದ್ಧತಿ ಅದು. ಬಟ್ಟೆಯ ಕೆಳಗೆ ಒಬ್ಬರ ಅಂಗೈಯಲ್ಲಿ ಇನ್ನೊಬ್ಬರು ಬೆರಳು ಒತ್ತಿದರೆ ಎಷ್ಟು ಎಂದು ಆ ಇಬ್ಬರಿಗೆ ಮಾತ್ರ ತಿಳಿಯುತ್ತಿತ್ತು. ಕಂಚುಗಣ್ಣನ ಎದುರು ಇದುವರೆಗೆ ಯಾರೂ ವಲ್ಲಿ ಹಾಸಿರಲಿಲ್ಲ. ಅವನ ಕೈ ಮುಟ್ಟುವ ಧೈರ್ಯ ಯಾರಿಗಿತ್ತು?

"ಬೇಡ," ಅಂದ ಕಂಚುಗಣ್ಣ. ಮೊದಲ ಸಲ ಅವನ ದನಿ ಮೆದುವಾಗಿರಲಿಲ್ಲ. "ಬಾಯಲ್ಲಿ ಹೇಳು."

ಹಕ್ಕಿಯ ಎರಡೂ ತಲೆ ಅವನ ಕಡೆ ತಿರುಗಿದವು. ಕಟ್ಟೆಗೆ ಬಂದ ಮೇಲೆ ಕಟ್ಟೆಯ ಪದ್ಧತಿ. ಅದಕ್ಕೆ ಒಪ್ಪದವನ ಮಾಲು ಕಟ್ಟೆಯ ಪಾಲು. ಹಕ್ಕಿ ಅವನದೇ ಆದರೂ ನ್ಯಾಯ ಅವನದಾಗಿರಲಿಲ್ಲ. ಕಂಚುಗಣ್ಣ ಅದರ ನಾಲ್ಕು ಕಣ್ಣನ್ನೂ ನೋಡಿದ. ದೇಮವ್ವನ ಉಗುರು ನೋಡಿದ. ಅದು ಆಗಲೇ ಅರ್ಧ ಬೆಳ್ಳಿಯಾಗಿತ್ತು. ಮನೆತನದ ಜೋಡಿ, ಅತ್ತೆ ಮತ್ತು ಸೊಸೆ, ಅಕ್ಕಪಕ್ಕದ ಗುಳಿಯಲ್ಲಿ. ಅವನ ಆಸೆ ಗೆದ್ದಿತು. ಕೈ ಚಾಚಲು ಕಂಬಳಿಯ ಮೇಲೆ ಮಂಡಿಯೂರಿ ಕೂತು, ಉದ್ದ ತೋಳನ್ನು ವಲ್ಲಿಯ ಕೆಳಗೆ ತೂರಿಸಿದ.

ದೇಮವ್ವ ಕಣ್ಣು ಮುಚ್ಚಿ ಆ ಕೈ ಹಿಡಿದಳು.

ತಣ್ಣಗಿತ್ತು. ಅತ್ತೆಯ ನಾಣ್ಯವನ್ನು ಆ ಅಂಗೈಯಲ್ಲಿಟ್ಟು ಬೆರಳು ಒತ್ತಲು ಹೋದಳು. ಹೋದ ಬೆರಳು ನಿಂತಿತು. ಒಂಬತ್ತು ವರ್ಷ ಬೈಸಿಕೊಂಡ ಬೆರಳು ಅದು, ತಾನಾಗಿಯೇ ಅಂಚು ಹುಡುಕಿತು. ಕಿರುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ ಒಂದು ಏಣು. ಕೂದಲೆಳೆಯಷ್ಟು. ಅಂಗೈಯಲ್ಲಿ ರೇಖೆಯಿಲ್ಲ, ಎರಕ ಆರುವಾಗ ಏಳುವ ಸಣ್ಣ ಸಣ್ಣ ಗುಳ್ಳೆಯ ತೂತು. ಉಗುರು ಒತ್ತಿದಳು. ಉಗುರು ಇಳಿಯಿತು, ಗುರುತು ಹಾಗೇ ಉಳಿಯಿತು. ಸೀಸ.

ದೇಮವ್ವನಿಗೆ ಈಗ ಅರ್ಥವಾಯಿತು. ಇವನು ಮಾಂತ್ರಿಕನಲ್ಲ. ಯಾವ ಮಾಂತ್ರಿಕನೋ ಯಾವ ಕಾಲದಲ್ಲೋ ಅವಸರಕ್ಕೆ ಎರಕ ಹೊಯ್ದುಕೊಂಡ ಆಳು. ಮೇಲೆ ಕಂಚಿನ ನೀರು ಹಾಯಿಸಿದ ಸೀಸದ ಆಳು, ಒಡೆಯ ಸತ್ತ ಮೇಲೆ ಲೋಕ ತಿರುಗಿ ನಿಜವಾದ ಮನುಷ್ಯರನ್ನು ಕೂಡಿಡುತ್ತಿದ್ದ.

ನೆರಳು ಒಂದು ಬೆರಳು.

"ಹೇಳು," ಅಂದ ಕಂಚುಗಣ್ಣ, ಕೈ ಎಳೆದುಕೊಳ್ಳುತ್ತ. ದೇಮವ್ವ ಬಿಡಲಿಲ್ಲ.

"ವಲ್ಲಿಯ ಕೆಳಗೆ ಎರಡು ಮಾಲಿವೆ," ಅಂದಳು. ಈಗ ದನಿ ಎತ್ತಿದಳು, ಬಾಗಿಲ ಸಂದಿಗಳಿಗೆಲ್ಲ ಕೇಳಲಿ ಎಂದು. "ಒಂದು ಬೆಳ್ಳಿ, ಟಂಕಸಾಲೆಯದು. ಇನ್ನೊಂದು ಸೀಸ, ಎರಕದ್ದು. ಕಂಬಳಿಯ ಮೇಲೆ ಇಟ್ಟದ್ದೆಲ್ಲ ಮಾರಾಟಕ್ಕೆ ಇಟ್ಟದ್ದು. ಎರಡನೆಯದಕ್ಕೆ ಮೊದಲು ಬೆಲೆ ಹೇಳ್ತೀನಿ. ಸೀಸದ ತೂಕಕ್ಕೆ ಮೂರು ಕಾಸು. ಕಣ್ಣಿನ ಕಂಚಿಗೆ ಒಂದು ಕಾಸು. ಒಟ್ಟು ನಾಲ್ಕು."

ಪೇಟೆಯ ಬಾಗಿಲ ಸಂದಿಗಳು ಒಂದೊಂದಾಗಿ ಅಗಲವಾದವು.

ಕಂಚುಗಣ್ಣ ಹಕ್ಕಿಯ ಎಡತಲೆಯನ್ನು ನೋಡಿದ. "ಕಮ್ಮಿ ಅನ್ನು," ಅಂದ. "ಅನ್ನು. ನಾನು ಮೂವತ್ತು ರಾಜ್ಯ ತಿರುಗಿದವನು. ನನ್ನ ಮಣೆಯನ್ನು ನೋಡು. ಕಮ್ಮಿ ಅನ್ನು."

ಎಡತಲೆ ಅವನನ್ನು ಬಹಳ ಹೊತ್ತು ನೋಡಿತು. ಬಲತಲೆಯೂ ನೋಡಿತು. ಎರಡೂ ಕೊಕ್ಕು ಮುಚ್ಚಿಯೇ ಇದ್ದವು.

ದೇಮವ್ವ ಇನ್ನೊಂದು ಕೈಯಿಂದ ನಾಲ್ಕು ಕಾಸು ತೆಗೆದು ಅವನ ಮುಂದಿಟ್ಟಳು. ಇಟ್ಟದ್ದೇ ತಡ, ವಲ್ಲಿಯ ಕೆಳಗಿದ್ದ ಕೈಯಿಂದ ಶಕ್ತಿ ಇಳಿದುಹೋಯಿತು. ಅಂಗಿ ಕುಸಿಯಿತು. ತೋಳು ಕುಸಿಯಿತು. ಕಂಬಳಿಯ ಮೇಲೆ ರಾಗಿರೊಟ್ಟಿಯಷ್ಟು ಅಗಲದ ಒಂದು ಮಂಕು ಬಿಲ್ಲೆ ಬಿದ್ದಿತ್ತು, ಅದರ ಮೇಲೆ ಕಂಚಿನ ಎರಡು ಚುಕ್ಕೆ. ಚುಕ್ಕೆಗಳು ಇನ್ನೂ ಅವಳನ್ನು ನೋಡುತ್ತಿದ್ದವು. ಬಿಲ್ಲೆ ಅಂಚಿನ ಮೇಲೆ ನಿಂತು ಕಟ್ಟೆಯ ಕೊನೆಗೆ ಉರುಳತೊಡಗಿತು.

"ಹಿಡೀರಿ," ಅಂದಳು ದೇಮವ್ವ.

ಸೋವಣ್ಣನಿಗೆ ನಾಣ್ಯದ ವಿಷಯ ತಿಳಿಯದು. ಆದರೆ ಓಡುವ ಕುದುರೆಯನ್ನು ಹಿಡಿಯುವುದು ಗೊತ್ತು. ಎರಡೂ ಕೈ ಚಾಚಿ ಅದರ ಮೇಲೆ ಬಿದ್ದು ಒತ್ತಿ ಹಿಡಿದ. ದೇಮವ್ವ ಓಡಿಬಂದು ಉಳಿ ಇಟ್ಟಳು. ಸುತ್ತಿಗೆ ಎತ್ತಿದಾಗ ಮೊಣಕೈಯವರೆಗೆ ಬೆಳ್ಳಿ ಏರಿತ್ತು, ತೋಳು ಕಲ್ಲಿನಷ್ಟು ಭಾರ. ಮೊದಲ ಏಟು ಜಾರಿತು. ಎರಡನೇ ಏಟಿಗೆ ಸೀಸ ಬಾಗಿತು. ನೆರಳು ಕಂಬದ ಬುಡ ಮುಟ್ಟಿತು, ಮೂರನೇ ಏಟು ಬಿತ್ತು. ಖೋಟಾ ಎರಡು ಹೋಳಾಯಿತು, ದೇಮವ್ವನ ತೋಳಿನಿಂದ ಬೆಳ್ಳಿ ಇಳಿದುಹೋಯಿತು.

ಆಮೇಲೆ ಆದ ಸದ್ದನ್ನು ಆ ಪೇಟೆಯವರು ಬಹಳ ದಿನ ಹೇಳಿಕೊಳ್ಳುತ್ತಿದ್ದರು. ಮಣೆಯ ಗುಳಿಗುಳಿಯಿಂದ ಕಿಣ್, ಕಿಣ್, ಕಿಣ್. ಕಟ್ಟೆಯ ತುಂಬ ಜನ. ಯಾವ ಯಾವ ರಾಜ್ಯದವರೋ, ಯಾವ ಕಾಲದ ಬಟ್ಟೆ ತೊಟ್ಟವರೋ, ಒಬ್ಬರನ್ನೊಬ್ಬರು ತಳ್ಳಿಕೊಂಡು, ಕೆಮ್ಮಿಕೊಂಡು, ಬಾಯಲ್ಲಿದ್ದ ಲೋಹದ ರುಚಿ ಉಗಿಯುತ್ತ ಎದ್ದು ನಿಂತರು. ದೇಮವ್ವನ ಸೆರಗಿನ ಗಂಟು ಬಿಚ್ಚಿ ಹೂವಿನವಳು ಹೊರಬಿದ್ದಳು. ಬಿದ್ದವಳೇ ಹಾಳುಬಾವಿಯತ್ತ ಓಡಿ ಬಗ್ಗಿ ಕೂಗಿದಳು.

"ಹಗ್ಗ ತರೋದಕ್ಕೆ," ಎಂದು ಒಳಗಿನಿಂದ ದನಿ ಬಂತು.

"ಎಷ್ಟು ಹೊತ್ತು ಮಾಡ್ತೀಯ ಅಂತೀಯ, ತರ್ತೀನಿರು," ಎಂದು ಇವಳು ಮಾತು ಮುಗಿಸಿದಳು.

ಸಂಕಮ್ಮ ಕಂಬಳಿಯ ನಡುವೆ ಕೂತಿದ್ದಳು. ಸೋವಣ್ಣ ವಲ್ಲಿ ತಂದು ಹೊದಿಸಿ, ಅಮ್ಮನ ಕಾಲ ಬಳಿ ಕೂತು ಅಳತೊಡಗಿದ. ಅವಳು ಅವನ ತಲೆ ಸವರಿ ಸೊಸೆಯ ಕಡೆ ನೋಡಿದಳು. ಎಡ ಹುಬ್ಬು ಎದ್ದಿತು.

"ನಿನ್ನೆ ಆ ಒಂಟಿಗೆ ಇಪ್ಪತ್ತು ಅಂದೆಯಲ್ಲ. ಹದಿನೆಂಟು ಸಾಕಿತ್ತು."

"ಹಕ್ಕಿ ಸುಮ್ಮನಿತ್ತು, ಅತ್ತೆ."

"ಹಕ್ಕಿಗೇನು ಗೊತ್ತು."

ಎದುರು ಕಂಬಳಿಯಲ್ಲಿ ಕಲ್ಲಿನಾಥ ಮೈ ಕೊಡವಿಕೊಂಡು ಎದ್ದಿದ್ದ. "ಸಂಕಮ್ಮ, ನನಗೆ ಎಷ್ಟು ಹೇಳಿದ್ದೆ ನೀನು?" ಎಂದು ಅಲ್ಲಿಂದಲೇ ಕೇಳಿದ. ಸಂಕಮ್ಮ ಸೀರೆಯ ನಿರಿಗೆ ಸರಿಮಾಡಿಕೊಂಡಳು. "ಹೇಳಿದ್ದು ತಪ್ಪು," ಅಂದಳು, ನಲವತ್ತು ವರ್ಷದಲ್ಲಿ ಮೊದಲ ಸಲ. ಕಲ್ಲಿನಾಥ ತನ್ನ ಕಂಬಳಿಯನ್ನು ಕೊಡವಿದ, ಧೂಳಿಲ್ಲದಿದ್ದರೂ.

ಪೇಟೆಯ ಬಾಗಿಲುಗಳು ತೆರೆದವು. ದೂರದ ರಾಜ್ಯದವರಿಗೆ ಬುತ್ತಿ ಕಟ್ಟಿ ಕಳಿಸಿದರು. ಸೀಸದ ಎರಡು ಹೋಳನ್ನು ಕರಗಿಸಿ ಮೀನುಗಾರರು ಬಲೆಯ ಗುಂಡು ಮಾಡಿಕೊಂಡರು. ರಾಜ ಎಲ್ಲ ಮುಗಿದ ಮೂರು ದಿನದ ಮೇಲೆ ಬಂದು ತನ್ನ ಧೈರ್ಯಶಾಲಿ ಪ್ರಜೆಗಳ ಬಗ್ಗೆ ಒಂದು ಗಂಟೆ ಮಾತಾಡಿ ಹೋದ. ಎರಡು ತಲೆಯ ಹಕ್ಕಿ ಕಟ್ಟೆಯ ಕಂಬದ ಮೇಲೆಯೇ ಉಳಿಯಿತು. ಮಕ್ಕಳು ಹುರಿಗಡಲೆ ಹಾಕಿದರೆ ಎಡತಲೆ ಕಮ್ಮಿ ಅನ್ನುತ್ತಿತ್ತು, ಬಲತಲೆ ತಿನ್ನುತ್ತಿತ್ತು.

ಎಲ್ಲ ತಣ್ಣಗಾದ ಮೇಲೆ ಒಂದು ಮುಂಜಾನೆ, ಗಿರಾಕಿಗಳು ಬರುವ ಮುಂಚೆ, ಸಂಕಮ್ಮ ಕೇಳಿದಳು. ಕೇಳುತ್ತಾಳೆಂದು ದೇಮವ್ವನಿಗೆ ಗೊತ್ತಿತ್ತು, ದಿನವೂ ಅದಕ್ಕೇ ಹೆದರುತ್ತಿದ್ದಳು.

"ಆವತ್ತು ಎರಡು ಮಾಲಿವೆ ಅಂದೆ. ಒಂದಕ್ಕೆ ಹೇಳಿದೆ. ಇನ್ನೊಂದಕ್ಕೆ ಎಷ್ಟು ಅಂತಿದ್ದೆ?"

"ಗೊತ್ತಿರಲಿಲ್ಲ, ಅತ್ತೆ. ನಿಜವಾಗಿ."

"ಈಗ?"

ದೇಮವ್ವ ಕಂಬದ ಮೇಲಿನ ಹಕ್ಕಿಯನ್ನು ಒಮ್ಮೆ ನೋಡಿದಳು. ಹೆಗಲ ವಲ್ಲಿಯನ್ನು ತೆಗೆದು ಇಬ್ಬರ ನಡುವೆ ಹರಡಿ ಕೈ ಒಳಗಿಟ್ಟಳು. ಅತ್ತೆಯೂ ಇಟ್ಟಳು. ಒಂಬತ್ತು ವರ್ಷದಲ್ಲಿ ಆ ಎರಡು ಕೈ ಹಾಗೆ ಸೇರಿರಲಿಲ್ಲ. ದೇಮವ್ವ ಒಂದೊಂದೇ ಬೆರಳು ಒತ್ತಿದಳು, ನಿಧಾನವಾಗಿ, ಒಂದೂ ಮರೆಯದಂತೆ. ಒತ್ತುವುದು ಬಹಳ ಹೊತ್ತು ನಡೆಯಿತು.

ಕಟ್ಟೆಯ ಕೆಳಗೆ ಜೀನು ಹೊಲಿಯುತ್ತಿದ್ದ ಸೋವಣ್ಣ ತಲೆಯೆತ್ತಿ, "ಎಷ್ಟಂತೆ?" ಎಂದು ಕೇಳಿದ. ಇಬ್ಬರೂ ಹೇಳಲಿಲ್ಲ. ಹಕ್ಕಿಯೂ ಏನೂ ಅನ್ನಲಿಲ್ಲ.

ಸಂಕಮ್ಮ ವಲ್ಲಿ ಮಡಚಿ ಸೊಸೆಯ ಹೆಗಲಿಗೆ ಹಾಕಿದಳು. ಆಮೇಲೆ ಕಂಬಳಿಯ ನಡುವಿನಿಂದ ಒಂದು ಮೊಳ ಪಕ್ಕಕ್ಕೆ ಸರಿದು, ತಾನು ಕೂತಿದ್ದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದಳು.

"ಇಲ್ಲಿ ಕೂತುಕೋ. ಬೆಳಕು ಈ ಕಡೆಯಿಂದ ಚೆನ್ನಾಗಿ ಬೀಳುತ್ತೆ."

ದೇಮವ್ವ ಕೂತಳು. ಅಲ್ಲಿಂದ ಮುಂದೆ ಏಳುಕೋಟೆಯವರು ಅವರವರ ತೂಕಕ್ಕೆ ತಕ್ಕ ಸುಖದಲ್ಲಿ ಬಾಳಿದರು. ಬೆಲೆ ಕೇಳಿದವರಿಗೆ ಅತ್ತೆಸೊಸೆ ಬೆಲೆ ಹೇಳಿದರು, ಕತೆ ಕೇಳಿದವರಿಗೆ ಪೇಟೆಯವರು ಈ ಕತೆ ಹೇಳಿದರು.